ಸ್ಕ್ರೂಬಾಲ್ ಹಾಸ್ಯದ ವೇಗ ಕನ್ನಡ ನಾಟಕಕ್ಕೆ ಒಗ್ಗಿಸೋದು ಹೇಗೆ?

ಕೋಟೆ ಬಳ್ಳಾರಿ
ರಾಘವ ಕಲಾಮಂದಿರದಲ್ಲಿ ಆಡಲಿಕ್ಕೆ 25 ನಿಮಿಷದ ನಗೆನಾಟಕ ಬರೀತಿದ್ದೀವಿ. ಮಾದರಿ ಸ್ಕ್ರೂಬಾಲ್, ಅಂದರೆ ಹೆಣ್ಣು-ಗಂಡು ಪಟಪಟ ಮಾತಲ್ಲೇ ಜಗಳಾಡೋ ಹಳೇ ಹಾಲಿವುಡ್ ನಗೆಚಿತ್ರ. ಗಣಿ ಧಣಿಯ ಮಗಳು ಮದುವೆ ಬಿಟ್ಟು ಓಡಿಬಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತಾಳೆ. ಎದುರಿಗೆ ಕೆಲಸ ಕಳಕೊಂಡ ವರದಿಗಾರ. ಎಳೆ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದ್ದು, ಮಾತು ಮಾತ್ರ ‘ಹಿಸ್ ಗರ್ಲ್ ಫ್ರೈಡೇ’ ಥರ ಓಡಬೇಕು. ತಾಲೀಮಿನಲ್ಲಿ ಮಾತಿನ ಮೇಲೆ ಮಾತು ಬಿದ್ದರೆ ಏನೂ ತಿಳಿಯಲ್ಲ, ನಿಧಾನ ಮಾಡಿದರೆ ನಗು ಬರಲ್ಲ. ತಪ್ಪು ಎಲ್ಲಿ? ಇಷ್ಟು ಹಳೇ ಚಿತ್ರಗಳು ಇವತ್ತಿಗೂ ಯಾಕೆ ಹಳಸಿಲ್ಲ ಅನ್ನೋದೂ ತಿಳೀಬೇಕು.

ತುಂಗಭದ್ರೆ ದಂಡೆ, ಕೊಪ್ಪಳ
ತಪ್ಪು ನಟರದಲ್ಲ, ವಾಕ್ಯದ್ದು. 1940ರ ‘ಹಿಸ್ ಗರ್ಲ್ ಫ್ರೈಡೇ’ದಾಗ ನಿರ್ದೇಶಕ ಹೋವರ್ಡ್ ಹಾಕ್ಸ್ ಸಾಲಿನ ತಲೆಗೂ ಬಾಲಕ್ಕೂ ಕಳೆದುಹೋದರೂ ನಡಿಯೋ ಮಾತು ಹೊಂದಿಸಿ, ತಿರುಳು ನಡುವೆ ಇಟ್ಟ. ಇಂಗ್ಲಿಷಿನಾಗ ಕ್ರಿಯಾಪದ ನಡುವೆ ಬರ್ತೈತಿ, ನಮ್ಮದು ಕಟ್ಟಕಡೆಗೆ. “ನಾನು ನಿಮ್ಮಪ್ಪಗ ಫೋನ್ ಮಾಡಿಲ್ಲ” ಅನ್ನೋದರ ಕೊನೇ ಪದದ ಮೇಲೆ ಆಕಿ ಮಾತು ಬಿದ್ದರೆ ಮಾಡಿದನೋ ಇಲ್ಲೋ ಅನ್ನೋದೇ ಹೋತು. ತಿರುಗಿಸಿ ಬರೀರಿ: “ಅಯ್ಯ ದೇವರಾಣಿ, ಮಾಡಿಲ್ಲ ಫೋನು ನಿಮ್ಮಪ್ಪಗ, ಎಷ್ಟು ಸಲ ಹೇಳಬೇಕ್ರಿ ನಿಮಗ.” ‘ನಿಮ್ಮಪ್ಪಗ’ ಮುಗೀತಿದ್ದಂಗ ಆಕಿ ಶುರು ಮಾಡಲಿ. ನಮ್ಮ ಕಡೆ ಜಗಳದ ಮಾತು ಇರೋದೇ ಹಿಂಗ, ಅದಕ್ಕೇ ಕೃತಕ ಅನಸೂದಿಲ್ಲ. ಬಾಲ ಮೂರು-ನಾಲ್ಕು ಪದ ಇದ್ದರೆ ಸಾಕು.

ಪ್ರತಿಯಲ್ಲಿ ಆ ಪ್ರವೇಶದ ಪದಕ್ಕ ಕೆಂಪು ಗೆರಿ ಹಾಕ್ರಿ. ಮೊದಲ ತಾಲೀಮು ನಿಧಾನ ಇರಲಿ, ಆದರೆ ಮಾತಿನ ಮೇಲೆ ಮಾತು ಬೀಳೋದು ಮೊದಲ ದಿನದಿಂದಲೇ ಬೇಕು. ಬಿಡಿಬಿಡಿಯಾಗಿ ಕಲಿತು ಆಮೇಲೆ ವೇಗ ಮಾಡಿದರೆ ಬಾಯಿ ಓಡತೈತಿ, ನಡುವಿನ ಸಂದು ಹಂಗೇ ಉಳೀತೈತಿ.

ಕಥಿ ತಿರುಗೋ ಸಾಲಿನ ಮೇಲೆ ಮಾತ್ರ ಯಾರೂ ಬೀಳಬಾರದು. ಇನ್ನ ತೂಗುಹಾಕಿದ ಮೈಕು ಇಬ್ಬರ ದನಿಯನ್ನೂ ಒಂದೇ ಸಮ ಹಿಡೀತಾವ. ಹಾಕ್ಸ್ ಧ್ವನಿ ಮಿಶ್ರಕನ ಕೈಲಿ ಮೈಕುಗಳನ್ನ ಆನ್-ಆಫ್ ಮಾಡಿಸಿದ್ದ. ನಿಮಗ ಅದು ಆಗದಿದ್ದರೆ, ಕೇಳಿಸಬೇಕಾದವರು ಪ್ರೇಕ್ಷಕರ ಕಡೆ, ಇನ್ನೊಬ್ಬರು ಅಡ್ಡಕ್ಕ ತಿರುಗಿ ನಿಲ್ಲಲಿ.

ರಾಯಚೂರು ಪ್ರೇಕ್ಷಕ
ಹಳಸದ್ದಕ್ಕ ಮುಖ್ಯ ಕಾರಣ ಹೆಣ್ಣು-ಗಂಡಿನ ಸರಿಸಮ ಜಗಳ. ‘ಹಿಸ್ ಗರ್ಲ್ ಫ್ರೈಡೇ’ಗೆ ಮೂಲವಾದ 1928ರ ನಾಟಕ ‘ದ ಫ್ರಂಟ್ ಪೇಜ್’ದಾಗ ವರದಿಗಾರ ಹಿಲ್ಡಿ ಜಾನ್ಸನ್ ಗಂಡಸು. ಹಾಕ್ಸ್ ಆ ಪಾತ್ರವನ್ನ ಹೆಣ್ಣು ಮಾಡಿ, ಸಂಪಾದಕನ ಮಾಜಿ ಹೆಂಡತಿ ಮಾಡಿದ. ಅಲ್ಲಿಗೆ ನೌಕರಿ ಜಗಳವೇ ಸಂಸಾರದ ಜಗಳ ಆಯ್ತು. ನಿಮ್ಮ ಧಣಿ ಮಗಳು ಬರೀ ಹಟಮಾರಿ ಆದರೆ ನಾಟಕ ಸಪ್ಪಗಾಗ್ತದ. ಅರ್ಧ ವಾದ ಆಕಿ ಗೆಲ್ಲಬೇಕು, ಅದೂ ಬುದ್ಧಿಯಿಂದ.

ಎರಡನೇದು ಹಾಲಿವುಡ್‌ನ ನೀತಿಸಂಹಿತೆ, ಅಂದರೆ ತೆರೆ ಮೇಲೆ ಏನು ತೋರಿಸಬಾರದು ಅನ್ನೋ ಕಟ್ಟುಪಾಡು. 1930ರಲ್ಲಿ ಬರೆದದ್ದು 1934ರ ಜುಲೈಯಿಂದ ಬಿಗಿಯಾಯ್ತು. ಹಾಸಿಗೆ ತೋರಿಸೋ ಹಂಗಿಲ್ಲ ಅಂದಾಗ ಪ್ರೀತಿಯೆಲ್ಲ ಮಾತಿಗೆ ಇಳೀತು.

ಹೊಸಪೇಟೆ ರಂಗ
ಒಂದು ತಿದ್ದುಪಡಿ. ‘ಇಟ್ ಹ್ಯಾಪನ್ಡ್ ಒನ್ ನೈಟ್’ ಬಂದದ್ದು 1934ರ ಫೆಬ್ರವರಿಯಲ್ಲಿ, ಬಿಗಿ ಆಗೋಕೆ ಮುಂಚೆ. ಆದರೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುವಾಗ ನಾಯಕ-ನಾಯಕಿಯ ನಡುವೆ ಹಗ್ಗದ ಮೇಲೆ ಕಂಬಳಿ ಇದೆ. ಹಾಗಾಗಿ ಎಲ್ಲವನ್ನೂ ಸಂಹಿತೆಯ ಲೆಕ್ಕಕ್ಕೆ ಬರೆಯೋಕಾಗಲ್ಲ. 1929ರ ಅಮೆರಿಕದ ಷೇರುಪೇಟೆ ಕುಸಿತದ ನಂತರದ ಜನಕ್ಕೆ, ಸಾಹುಕಾರನ ಮಗಳು ಬಸ್ಸಿನಲ್ಲಿ ಹಸಿದು ಕೂರೋದೇ ದೊಡ್ಡ ಸೆಳೆತ. ನಿಮ್ಮ ಗಣಿ ಧಣಿ ಬಳ್ಳಾರಿಯಲ್ಲಿ ಅದೇ ಕೆಲಸ ಮಾಡ್ತಾನೆ.

ಆ ಕಂಬಳಿಯ ಬದಲಿಗೆ ಕೌದಿ ಕಟ್ಟಬೇಡಿ. ಭಾರಕ್ಕೆ ಹಗ್ಗ ಜೋತುಬೀಳುತ್ತೆ, ಬೆಳಕೂ ದಾಟಲ್ಲ. ತೆಳು ಚಾದರ ಹಾಕಿ ಹಿಂದೆ ದೀಪ ಇಟ್ಟರೆ ನೆರಳು ಕಾಣುತ್ತೆ.

ಕೋಟೆ ಬಳ್ಳಾರಿ
ಚಾದರ ಖಾತ್ರಿ. ಆ ಚಿತ್ರದಲ್ಲಿ ನಾಯಕ ಡೋನಟ್ ಅದ್ದಿ ತಿನ್ನೋದು ಕಲಿಸ್ತಾನಲ್ಲ, ಅಲ್ಲಿ ಒಗ್ಗರಣಿ ಮಂಡಕ್ಕಿ-ಮಿರ್ಚಿ ಇಟ್ಟಿದ್ದೀವಿ. ನಡೀತದಾ?

ತುಂಗಭದ್ರೆ ದಂಡೆ, ಕೊಪ್ಪಳ
ಐಡಿಯಾ ಚಲೋ ಐತಿ, ಆದರೆ ಮಂಡಕ್ಕಿ ಬಾಯಾಗಿದ್ದಾಗ ಓಡೋ ಮಾತು ಆಗೂದಿಲ್ಲ, ಗಂಟಲಿಗೆ ಸಿಕ್ಕತೈತಿ. ಆಕಿ ಕೈಯಾಗ ಮಿರ್ಚಿ ಮಾತ್ರ ಇರಲಿ. ಅವನ ಉದ್ದನ್ನ ಸಾಲು ಶುರುವಾದಾಗ ಕಚ್ಚಲಿ, ಖಾರಕ್ಕ ನಗು ಬರ್ತೈತಿ. ನಗು ಎದ್ದಾಗ ಸುಮ್ನೆ ನಿಲ್ಲಬ್ಯಾಡ್ರಿ, ಓಟ ಮುರೀತೈತಿ. ಅಲ್ಲಿ “ನೀರು, ನೀರು ಎಲ್ಲಿ ಅದಾವ” ಅನ್ನೋವಂಥ ಎರಡು ಸಾಲು ಬರದಿಡ್ರಿ. ನಗುವಿನಾಗ ಅವು ಕೇಳಿಸದಿದ್ದರೂ ಕಥಿಗೆ ನಷ್ಟ ಇಲ್ಲ.