ಪದಚರ್ಚೆ: ಆಕ್ಸಿಜನ್ ಲೋಹವಾಗುವ ಕಡೆ ‘ಲೋಹಾಂಶ’ ಸರಿಯೇ?

ಬಳಗದವರಿಗೆ ನಮಸ್ಕಾರ.

ನಕ್ಷತ್ರಗಳು ಹುಟ್ಟುತ್ತಿರುವ ಗೆಲಾಕ್ಸಿಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಖಗೋಳ ವಿಜ್ಞಾನಿಗಳ ‘ಮೆಟ್ಯಾಲಿಸಿಟಿ’ಗೆ, ಅಂದರೆ ನಕ್ಷತ್ರ ಅಥವಾ ಗೆಲಾಕ್ಸಿಯಲ್ಲಿರುವ ‘ಲೋಹ’ಗಳ ಪಾಲಿಗೆ, ಕನ್ನಡದಲ್ಲಿ ಏನು ಬರೆಯಬೇಕು? ಅವರ ಲೆಕ್ಕದಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹವೇ. ಇಂಗಾಲ, ನಿಯಾನ್ ಕೂಡ! ರಸಾಯನ ವಿಜ್ಞಾನದ ಮೇಷ್ಟರು ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸಿಯಾರು.

ಗೆಲಾಕ್ಸಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಎಳೆಯ ನಕ್ಷತ್ರಗಳ ಅತಿನೇರಳೆ ಕಿರಣಗಳಿಂದ ಸುತ್ತಲಿನ ಅನಿಲ ಅಯಾನುಗೊಂಡು ಹೊಳೆಯುತ್ತದೆ. ಅದರ ರೋಹಿತದಲ್ಲಿ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ) 500.7 ನ್ಯಾನೋಮೀಟರಿನಂಥ ಆಕ್ಸಿಜನ್ ರೇಖೆಗಳನ್ನು ಹೈಡ್ರೋಜನ್ ರೇಖೆಗಳೊಂದಿಗೆ ಹೋಲಿಸಿ ‘ಲೋಹ’ವನ್ನು ಅಂದಾಜಿಸುತ್ತಾರೆ. ಅಂದರೆ ಅಳೆಯುವುದು ಬಹುಮಟ್ಟಿಗೆ ಆಕ್ಸಿಜನ್ನನ್ನೇ.

2004ರಲ್ಲಿ ಕ್ರಿಸ್ಟಿ ಟ್ರೆಮಾಂಟಿ ಮತ್ತು ಸಂಗಡಿಗರು ಸ್ಲೋನ್ ಎಂಬ ಆಕಾಶ ಸಮೀಕ್ಷೆಯ ಸುಮಾರು 53,000 ಗೆಲಾಕ್ಸಿಗಳನ್ನು ಪರಿಶೀಲಿಸಿ, ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಏರಿದಂತೆ ಆಕ್ಸಿಜನ್ ಪಾಲೂ ಏರುತ್ತದೆ ಎಂದು ತೋರಿಸಿದರು. ಸೂಪರ್‌ನೋವಾಗಳು, ಅಂದರೆ ಸಿಡಿಯುವ ನಕ್ಷತ್ರಗಳು, ಎಬ್ಬಿಸುವ ಗಾಳಿ ಹೊಸ ಧಾತುಗಳನ್ನು ಹೊರಗೆ ಒಯ್ಯುತ್ತದೆ. ಚಿಕ್ಕ ಗೆಲಾಕ್ಸಿಯ ಗುರುತ್ವಕ್ಕೆ ಅವನ್ನು ಹಿಡಿದಿಡುವ ಬಲ ಸಾಲದು ಎಂಬುದು ಅವರು ಕೊಟ್ಟ ವಿವರಣೆ. 2010ರಲ್ಲಿ ಫಿಲಿಪ್ಪೋ ಮನ್ನೂಚ್ಚಿ ತಂಡ ಮತ್ತೊಂದು ಎಳೆ ಸೇರಿಸಿತು: ದ್ರವ್ಯರಾಶಿ ಒಂದೇ ಆಗಿದ್ದರೂ ನಕ್ಷತ್ರಗಳು ಬಿರುಸಾಗಿ ಹುಟ್ಟುವ ಕಡೆ ಆಕ್ಸಿಜನ್ ಪಾಲು ಕಡಿಮೆ. ಹೊರಗಿನಿಂದ ಹರಿದುಬರುವ ಹೊಸ ಅನಿಲ ಒಂದೆಡೆ ನಕ್ಷತ್ರಗಳಿಗೆ ಕಚ್ಚಾವಸ್ತುವಾಗುತ್ತದೆ, ಇನ್ನೊಂದೆಡೆ ಇದ್ದ ಧಾತುಗಳನ್ನು ತೆಳುವಾಗಿಸುತ್ತದೆ.

ಇಷ್ಟನ್ನೂ ‘ದೊಡ್ಡ ಗೆಲಾಕ್ಸಿಗಳಲ್ಲಿ ಲೋಹಾಂಶ ಹೆಚ್ಚು’ ಎಂದು ಬರೆದರೆ ಓದುಗರ ಕಣ್ಣಿಗೆ ಕಬ್ಬಿಣ, ತಾಮ್ರ ಬರುತ್ತವೆ. ‘ಲೋಹತ್ವ’ ಗುಣವನ್ನು ಹೇಳುತ್ತದೆಯೇ ಹೊರತು ಪ್ರಮಾಣವನ್ನಲ್ಲ. ‘ಭಾರಲೋಹ’ವನ್ನು ಪತ್ರಿಕೆಗಳು ಈಗಾಗಲೇ ಕೆರೆಯ ಸೀಸ, ಕ್ಯಾಡ್ಮಿಯಂಗಳಿಗೆ ಬರೆದುಕೊಟ್ಟಿವೆ.

ನನ್ನ ಒಲವು ‘ಭಾರಧಾತು ಪ್ರಮಾಣ’ದ ಕಡೆಗೆ. ಧಾತು ಎಂದರೆ ನಮ್ಮ ಶಾಲಾ ಪುಸ್ತಕಗಳಲ್ಲಿ ಮೂಲವಸ್ತು. ಹಿಂದಿಯಲ್ಲಿ ಅದೇ ಪದಕ್ಕೆ ಲೋಹವೆಂದೇ ಅರ್ಥ, ಇರಲಿ. ಆದರೆ ವಿಶೇಷಣ ಮಾಡಹೊರಟರೆ ಕೈಕೊಡುತ್ತದೆ. ಸೂರ್ಯನಿಗೆ ಹೋಲಿಸಿದರೆ ಸುಮಾರು ನಲವತ್ತರಲ್ಲಿ ಒಂದು ಪಾಲು ಆಕ್ಸಿಜನ್ ಇರುವ ಐ ಜ್ವಿಕಿ 18 ಎಂಬ ಪುಟ್ಟ ಗೆಲಾಕ್ಸಿಯನ್ನು ಏನೆನ್ನಲಿ? ‘ಭಾರಧಾತುವಿರಳ’ ಓದಲು ಭಾರ, ‘ಲೋಹದರಿದ್ರ’ ಬೈಗುಳದಂತಿದೆ. ಇದಕ್ಕಿಂತ ಹಗುರವಾದ ರೂಪ ಬಳಕೆಯಲ್ಲಿದ್ದರೆ, ಪ್ರಯೋಗದ ಒಂದು ವಾಕ್ಯದೊಂದಿಗೆ ತಿಳಿಸಿ.