ಒಂದೇ ಸ್ವತಂತ್ರ ಚರವಿದ್ದ ಪ್ರಬಂಧಕ್ಕೆ ಎರಡನೆಯದನ್ನು ಸೇರಿಸುವುದು: ಯಾವುದನ್ನು ಆರಿಸಲಿ, ಎಷ್ಟು ಜನ ಬೇಕು?

ಕಿಟಕಿಪಕ್ಕ (ಪ್ರಶ್ನೆ)

ಎಂಎಸ್ಸಿ ಮನಃಶಾಸ್ತ್ರ, ಮೂರನೇ ಸೆಮಿಸ್ಟರ್. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಕಾರು ಅಪಘಾತದ ಪ್ರಯೋಗವನ್ನು (ಪ್ರಶ್ನೆಯ ಕ್ರಿಯಾಪದ ಬದಲಾದರೆ ನೋಡಿದವರು ಹೇಳುವ ವೇಗವೂ ಬದಲಾಗುತ್ತದೆಯೇ ಎಂಬುದು) ಕನ್ನಡದಲ್ಲಿ ಮಾಡಿ ಚಿಕ್ಕ ಪ್ರಬಂಧ ಬರೆದಿದ್ದೇನೆ. 40 ವಿದ್ಯಾರ್ಥಿಗಳು, ಒಂದೇ ವಿಡಿಯೊ. ಇಪ್ಪತ್ತು ಜನರಿಗೆ "ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಷ್ಟು ವೇಗದಲ್ಲಿದ್ದವು?" ಎಂದು ಕೇಳಿದೆ. ಉಳಿದ ಇಪ್ಪತ್ತು ಜನರಿಗೆ ಅದೇ ವಾಕ್ಯ, ಆದರೆ "ತಾಗಿದಾಗ". ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿ ಮುಗಿಸಿದೆ.

ಈಗ ಇದನ್ನೇ ಡಿಸರ್ಟೇಶನ್ ಆಗಿ ಬೆಳೆಸಲು ಎರಡನೇ ಸ್ವತಂತ್ರ ಚರ (ಫಲಿತಾಂಶವನ್ನು ಬದಲಿಸಬಹುದೆಂದು ಪರೀಕ್ಷಿಸುವ ಅಂಶ, ಈಗಿರುವುದು ಕ್ರಿಯಾಪದ) ಸೇರಿಸಿ ಎಂದು ಗೈಡ್ ಹೇಳಿದ್ದಾರೆ. ಮನಸ್ಸಿನಲ್ಲಿರುವುದು ಮೂರು: ಲಿಂಗ, ಪ್ರಶ್ನೆಯ ಭಾಷೆ (ಕನ್ನಡ ಅಥವಾ ಇಂಗ್ಲಿಷ್), ಮತ್ತು ವಿಡಿಯೊ ನೋಡಿದ ಮೇಲೆ ಕಳೆದ ಸಮಯ (ಕೂಡಲೇ ಅಥವಾ ಒಂದು ವಾರದ ನಂತರ). ಯಾವುದು ಸರಿ? ಈಗಾಗಲೇ ಇರುವ 40 ಜನರ ಡೇಟಾವನ್ನು "ಕೂಡಲೇ" ಗುಂಪು ಎಂದು ಇಟ್ಟುಕೊಂಡು, ಇನ್ನೂ 40 ಜನರನ್ನು ಒಂದು ವಾರದ ನಂತರ ಕೇಳಿದರೆ ಸಾಕೇ? ಎರಡು ಗುಂಪಿಗೂ ಬೇರೆ ಬೇರೆ ಟಿ-ಟೆಸ್ಟ್ ಮಾಡಿದರೆ ಆಗುತ್ತದೆಯೇ?

ಸ್ಮೃತಿಪಟಲ

ಮೂರರಲ್ಲಿ ಸಮಯವನ್ನೇ ಹಿಡಿಯಿರಿ. ಕಾರಣ ಹೇಳುತ್ತೇನೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲು ಕೇಳುವುದು ಅದನ್ನೇ.

ಎರಡನೇ ಚರವನ್ನು ಸೇರಿಸುವುದು "ಇದರಿಂದಲೂ ವ್ಯತ್ಯಾಸ ಬರುತ್ತದೆಯೇ" ಎಂದು ನೋಡಲಿಕ್ಕಾದರೆ ಅದಕ್ಕೆ ಬೇರೆಯದೇ ಪ್ರಬಂಧ ಬರೆಯಬಹುದು. ಒಂದೇ ಪ್ರಬಂಧದಲ್ಲಿ ಎರಡನ್ನೂ ಇಡಬೇಕಾದರೆ ಕೇಳಬೇಕಾದದ್ದು: ಕ್ರಿಯಾಪದದ ಪರಿಣಾಮ ಯಾವ ಸ್ಥಿತಿಯಲ್ಲಿ ಹೆಚ್ಚುತ್ತದೆ, ಯಾವುದರಲ್ಲಿ ಕುಗ್ಗುತ್ತದೆ? ಸಮಯದ ವಿಷಯದಲ್ಲಿ ಇದಕ್ಕೆ ಸಿದ್ಧಾಂತದ ಬಲವಿದೆ. ಲಾಫ್ಟಸ್, ಮಿಲ್ಲರ್, ಬರ್ನ್ಸ್ 1978ರ ಪ್ರಬಂಧದಲ್ಲಿ ಕೆಂಪು ಡಾಟ್ಸನ್ ಕಾರಿನ ಸ್ಲೈಡುಗಳನ್ನು ತೋರಿಸಿ, ಆಮೇಲೆ ಪ್ರಶ್ನೆಗಳ ಮೂಲಕ ತಪ್ಪು ಮಾಹಿತಿ ಕೊಟ್ಟು, ನೆನಪಿನ ಪರೀಕ್ಷೆಯನ್ನು ಕೂಡಲೇ, 20 ನಿಮಿಷ, 1 ದಿನ, 2 ದಿನ, 1 ವಾರ ಬಿಟ್ಟು ನಡೆಸಿದರು. ಅಂತರ ಕಳೆದು, ಪರೀಕ್ಷೆಗೆ ಸ್ವಲ್ಪ ಮೊದಲು ಕೊಟ್ಟ ತಪ್ಪು ಮಾಹಿತಿಯೇ ಹೆಚ್ಚು ನಾಟಿತು. ನೆನಪು ಮಸುಕಾದಷ್ಟೂ ಪ್ರಶ್ನೆಯ ಪದಕ್ಕೆ ಜಾಗ ಹೆಚ್ಚು. ನಿಮ್ಮ ಹೈಪಾಥಿಸಿಸ್ ಇಲ್ಲಿಂದ ನೇರವಾಗಿ ಹುಟ್ಟುತ್ತದೆ: ಅಪ್ಪಳಿಸು ಮತ್ತು ತಾಗು ನಡುವಿನ ಅಂತರ ವಾರದ ನಂತರ ದೊಡ್ಡದಾಗಬೇಕು.

ಲಿಂಗವನ್ನು ನೀವು ಯಾರಿಗೂ ಹಂಚಲಾರಿರಿ, ಅಳೆಯಬಲ್ಲಿರಿ ಅಷ್ಟೆ. ವ್ಯತ್ಯಾಸ ಕಂಡರೂ ಅದು ವಾಹನ ಓಡಿಸುವ ಅನುಭವದಿಂದ ಬಂದದ್ದೋ ಇನ್ನಾವುದರಿಂದಲೋ ಹೇಳಲಾಗದು. ಫಾರಂನಲ್ಲಿ ಹೇಗೂ ಆ ಕಾಲಂ ಇದೆ ಎಂಬ ಕಾರಣಕ್ಕೆ ಅದನ್ನು ಸ್ವತಂತ್ರ ಚರ ಮಾಡುವ ರೂಢಿ ನಮ್ಮಲ್ಲಿ ಬೇರೂರಿದೆ, ದಯವಿಟ್ಟು ಆ ದಾರಿ ಬೇಡ.

ಹಳೆಯ 40 ಜನರನ್ನು ಹೊಸಬರ ಜೊತೆ ಬೆರೆಸಬೇಡಿ. ಬೆರೆಸಿದರೆ "ಕೂಡಲೇ" ಗುಂಪು ಒಂದು ಸೆಮಿಸ್ಟರ್‌ನದು, "ವಾರದ ನಂತರ" ಗುಂಪು ಇನ್ನೊಂದರದು. ಬ್ಯಾಚ್, ಕೊಠಡಿ, ಪರೀಕ್ಷೆಯ ಒತ್ತಡ, ಹಳಬರಿಂದ ವಿಷಯ ತಿಳಿದದ್ದು, ಎಲ್ಲವೂ ಸಮಯದ ಚರದೊಳಗೆ ಸೇರಿಕೊಳ್ಳುತ್ತವೆ. ಆ ಡೇಟಾ ವ್ಯರ್ಥವಾಗುವುದಿಲ್ಲ: ಅದನ್ನು "ಪ್ರಯೋಗ 1" ಎಂದು ಹಾಗೆಯೇ ಇಡಿ, ನಾಲ್ಕೂ ಗುಂಪುಗಳಿಗೆ ಹೊಸಬರನ್ನು ಒಟ್ಟಿಗೇ ರ‍್ಯಾಂಡಮ್ ಆಗಿ ಹಂಚಿ "ಪ್ರಯೋಗ 2" ಮಾಡಿ. 1974ರ ಮೂಲ ಪ್ರಬಂಧದಲ್ಲೂ ಎರಡು ಪ್ರಯೋಗಗಳೇ ಇವೆ, ಮೊದಲನೆಯದರಲ್ಲಿ 45 ಜನ, ಎರಡನೆಯದರಲ್ಲಿ 150.

ಇನ್ನು ಎಡವುವ ಜಾಗ. ವಾರದ ನಂತರ ಬರಬೇಕಾದ ಗುಂಪಿನಲ್ಲಿ ಒಂದಷ್ಟು ಜನ ಬರುವುದೇ ಇಲ್ಲ, ಕೂಡಲೇ ಉತ್ತರಿಸುವ ಗುಂಪಿನಲ್ಲಿ ಯಾರೂ ತಪ್ಪುವುದಿಲ್ಲ. ಆಗ ಒಂದು ಗುಂಪಿನಲ್ಲಿ ಶ್ರದ್ಧೆಯವರು ಮಾತ್ರ ಉಳಿಯುತ್ತಾರೆ. ಅದಕ್ಕೆ ಎಲ್ಲರನ್ನೂ ಎರಡು ಸಲ ಕರೆಸಿ. ಒಂದು ಗುಂಪಿಗೆ ಮೊದಲ ದಿನ ವೇಗದ ಪ್ರಶ್ನಾವಳಿ, ವಾರದ ನಂತರ ಸಂಬಂಧವಿಲ್ಲದ ಇನ್ನೊಂದು ಪ್ರಶ್ನಾವಳಿ. ಇನ್ನೊಂದು ಗುಂಪಿಗೆ ಇದು ತಿರುವುಮುರುವು. ಎರಡನೇ ದಿನ ಬಾರದವರನ್ನು ಎರಡೂ ಕಡೆಯಿಂದ ತೆಗೆಯಿರಿ, ಎಷ್ಟು ಜನ ಯಾವ ಗುಂಪಿನಿಂದ ಹೋದರು ಎಂಬುದನ್ನು ಬರೆಯಿರಿ. ಎರಡನೇ ದಿನ ನೆನಪಿನ ಪ್ರಶ್ನೆ ಇರುತ್ತದೆ ಎಂದು ಮುಂಚಿತವಾಗಿ ಹೇಳಿದರೆ ಅವರು ಮನಸ್ಸಿನಲ್ಲಿ ವಿಡಿಯೊವನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಒಪ್ಪಿಗೆ ಪತ್ರದಲ್ಲಿ "ಎರಡು ಬಾರಿ ಬರಬೇಕು, ಎರಡರಲ್ಲೂ ಪ್ರಶ್ನೆಗಳಿರುತ್ತವೆ" ಎಂದಷ್ಟೇ ಇರಲಿ, ಪೂರ್ತಿ ವಿವರ ಕೊನೆಗೆ ತಿಳಿಸಿ. ಇದು ವಿನ್ಯಾಸದ ಬದಲಾವಣೆಯಾದ್ದರಿಂದ ಎಥಿಕ್ಸ್ ಕಮಿಟಿಗೆ ಹೊಸದಾಗಿ ಅರ್ಜಿ ಹಾಕಬೇಕು.

ಪದಸಂಪಿಗೆ

ಭಾಷೆಯನ್ನು ಎರಡನೇ ಚರ ಮಾಡಬೇಡಿ ಎಂಬುದಕ್ಕೆ ನನ್ನದೂ ಒಂದು ಮಾತು. ಮೂಲ ಪ್ರಯೋಗದ ಇಂಗ್ಲಿಷ್ ಪದ "ಸ್ಮ್ಯಾಶ್ಡ್" ಎಂಬುದರ ತೂಕವೂ "ಅಪ್ಪಳಿಸಿದ" ಎಂಬುದರ ತೂಕವೂ ಒಂದೇ ಎಂದು ಯಾರೂ ಅಳೆದು ಕೊಟ್ಟಿಲ್ಲ. ಕನ್ನಡದಲ್ಲಿ ಅಂತರ ಹೆಚ್ಚು ಬಂದರೆ ಅದು ಭಾಷೆಯ ಗುಣವೋ ನೀವು ಆರಿಸಿದ ಜೋಡಿಯ ಗುಣವೋ ಗೊತ್ತಾಗುವುದಿಲ್ಲ.

ನಿಮ್ಮ ಈಗಿನ ಜೋಡಿಯಲ್ಲೇ ಒಂದು ತೊಂದರೆ ಇದೆ. ಕಾರಿನ ಮುಂಭಾಗ ಜಜ್ಜಿಹೋದ ವಿಡಿಯೊ ತೋರಿಸಿ "ತಾಗಿದಾಗ" ಎಂದು ಕೇಳಿದರೆ ಪದವೇ ಅಸಹಜವಾಗಿ ಕಾಣುತ್ತದೆ. ಓದಿದವರಿಗೆ ಪ್ರಯೋಗದ ಉದ್ದೇಶ ಹೊಳೆದುಬಿಡಬಹುದು. ಅಪ್ಪಳಿಸು, ಗುದ್ದು, ಡಿಕ್ಕಿ ಹೊಡೆ, ಬಡಿ, ತಾಗು ಇವನ್ನು ಪ್ರಯೋಗಕ್ಕೆ ಬಾರದ 20 ಜನರಿಗೆ ಕೊಟ್ಟು, "ಎಷ್ಟು ಜೋರು" ಮತ್ತು "ಈ ವಿಡಿಯೊಗೆ ಎಷ್ಟು ಹೊಂದುತ್ತದೆ" ಎಂಬ ಎರಡು ಪ್ರಶ್ನೆಗಳಿಗೆ 1ರಿಂದ 7ರವರೆಗೆ ಅಂಕ ಕೊಡಿಸಿ. ಜೋರಿನಲ್ಲಿ ದೂರ, ಹೊಂದಿಕೆಯಲ್ಲಿ ಹತ್ತಿರ ಇರುವ ಜೋಡಿ ಬೇಕು. ಅಪ್ಪಳಿಸು, ಗುದ್ದು, ತಾಗು ಮೂರಕ್ಕೂ "ಒಂದಕ್ಕೊಂದು" ಎಂಬ ಒಂದೇ ರೂಪ ಹೊಂದುವುದರಿಂದ ವಾಕ್ಯದಲ್ಲಿ ಒಂದೇ ಪದ ಬದಲಾಗುತ್ತದೆ. "ಡಿಕ್ಕಿ ಹೊಡೆದಾಗ" ಬಂದರೆ ಎರಡು ಪದವಾಗುತ್ತದೆ. ಜೊತೆಗೆ ಅದು ಪತ್ರಿಕೆಯ ಸುದ್ದಿಯಲ್ಲಿ ಸವೆದ ಮಾತು, ಕರಾವಳಿಯಲ್ಲಿ ಢಿಕ್ಕಿ ಎಂದೂ ಬರೆಯುತ್ತಾರೆ.

ಲಾಫ್ಟಸ್ ಮತ್ತು ಝಾನಿ 1975ರಲ್ಲಿ "ಒಡೆದ ಹೆಡ್‌ಲೈಟ್ ಕಂಡಿರಾ" ಎಂಬುದನ್ನು ಇಂಗ್ಲಿಷಿನ "ಎ" ಮತ್ತು "ದಿ" ಬದಲಿಸಿ ಕೇಳಿದ್ದು ಕೆಲವರಿಗೆ ಎರಡನೇ ಚರವಾಗಿ ಆಕರ್ಷಕವಾಗಿ ಕಾಣುತ್ತದೆ. ಕನ್ನಡದಲ್ಲಿ ಆ ಉಪಪದಗಳೇ ಇಲ್ಲ. "ಆ ಒಡೆದ ಹೆಡ್‌ಲೈಟ್" ಎಂದರೆ ಬೆರಳು ಮಾಡಿ ತೋರಿಸಿದಷ್ಟು ಬಲ ಬಂದುಬಿಡುತ್ತದೆ, ಅದು "ದಿ" ಅಲ್ಲ.

ಕಿಟಕಿಪಕ್ಕ

ಸಮಯವನ್ನೇ ಇಟ್ಟುಕೊಳ್ಳುತ್ತೇನೆ. ನಾಲ್ಕು ಗುಂಪು, ಒಂದೊಂದರಲ್ಲಿ 20, ಒಟ್ಟು 80 ಜನ ಎಂದು ಸಿನಾಪ್ಸಿಸ್‌ನಲ್ಲಿ ಬರೆಯಲೇ? ಜಿ-ಪವರ್‌ನಲ್ಲಿ (ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ತಂತ್ರಾಂಶ) ಪರಿಣಾಮದ ಗಾತ್ರ ತಿಳಿಸುವ ಎಫ್ ಮೌಲ್ಯ 0.25 ಕೊಟ್ಟರೆ 128 ಬಂತು, 0.40 ಕೊಟ್ಟರೆ 52. ನಡುವೆ ಇದ್ದೇನೆ ಎಂದುಕೊಂಡೆ.

ಅಂಕಿತಕ್ಕಡಿ

ಆ 128 ಮತ್ತು 52 ಎರಡೂ ಸರಿಯಾದ ಲೆಕ್ಕಗಳೇ, ಆದರೆ 0.25 ಎಂಬುದನ್ನು ಇಂಟರ್‌ಆಕ್ಷನ್‌ಗೆ ಹಾಗೇ ಹಾಕಿದ್ದರಲ್ಲಿ ತಪ್ಪು ಅಡಗಿದೆ. ಇಂಟರ್‌ಆಕ್ಷನ್ ಎಂದರೆ ಅಂತರಗಳ ನಡುವಿನ ಅಂತರ. ಎರಡು ಸರಾಸರಿ ಕಳೆದರೆ ಎರಡರ ಗೊಂದಲ ಸೇರುತ್ತದೆ, ನಾಲ್ಕು ಸರಾಸರಿ ಬಳಸಿದರೆ ನಾಲ್ಕರದ್ದೂ ಸೇರುತ್ತದೆ.

ನಿಮ್ಮ ಅಂಕಿಗಳಲ್ಲೇ ನೋಡಿ. ಗುಂಪಿಗೆ 20 ಜನ, ಆಲ್ಫಾ (ಇಲ್ಲದ ಪರಿಣಾಮವನ್ನು ಇದೆ ಎನ್ನುವ ಅಪಾಯ) 0.05, ಪವರ್ (ಇರುವ ಪರಿಣಾಮವನ್ನು ಹಿಡಿಯುವ ಸಾಧ್ಯತೆ) 80% ಇಟ್ಟುಕೊಂಡರೆ ನೀವು ಹಿಡಿಯಬಲ್ಲ ಇಂಟರ್‌ಆಕ್ಷನ್ ಸುಮಾರು 1.25 ಎಸ್‌ಡಿ (ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ). ವೇಗದ ಅಂದಾಜಿನ ಎಸ್‌ಡಿ ಗಂಟೆಗೆ 15 ಕಿಲೋಮೀಟರ್ ಎಂದು ಭಾವಿಸಿ. ಕೂಡಲೇ ಕೇಳಿದಾಗ ಕ್ರಿಯಾಪದಗಳ ಅಂತರ 8 ಇದ್ದರೆ, ವಾರದ ನಂತರ ಅದು 27 ಆಗಬೇಕು. ಮೂಲ ಪ್ರಯೋಗದ ಐದು ಕ್ರಿಯಾಪದಗಳಲ್ಲಿ ಅತಿ ಹೆಚ್ಚು ಗಂಟೆಗೆ ಸುಮಾರು 41 ಮೈಲಿ, ಅತಿ ಕಡಿಮೆ ಸುಮಾರು 32. ಅಂತರ ಸುಮಾರು 9 ಮೈಲಿ, ಅಂದರೆ ಸುಮಾರು 14 ಕಿಲೋಮೀಟರ್ ಮಾತ್ರ. 27 ಬರುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಸಿನಾಪ್ಸಿಸ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸರಾಸರಿಗಳನ್ನು ನೀವೇ ಊಹಿಸಿ ಬರೆಯಿರಿ, ಗೆರೆ ಎಳೆಯಿರಿ. ಕೂಡಲೇ 56 ಮತ್ತು 50, ವಾರದ ನಂತರ 62 ಮತ್ತು 50 ಎಂದಿಟ್ಟುಕೊಳ್ಳಿ. ಅಂತರ 6, ಆಮೇಲೆ 12, ಇಂಟರ್‌ಆಕ್ಷನ್ 6 ಕಿಲೋಮೀಟರ್, ಅಂದರೆ 0.4 ಎಸ್‌ಡಿ. ಇದನ್ನು ನಾಲ್ಕು ಬೇರೆ ಬೇರೆ ಗುಂಪಿನಲ್ಲಿ ಹಿಡಿಯಲು ಗುಂಪಿಗೆ ಸುಮಾರು 200, ಒಟ್ಟು 800 ಜನ ಬೇಕು. ಒಂದು ಡಿಸರ್ಟೇಶನ್‌ಗೆ ಇದು ಆಗದ ಮಾತು.

ದಾರಿ ಇದೆ. ಸಮಯವನ್ನು ಒಬ್ಬೊಬ್ಬ ವ್ಯಕ್ತಿಯ ಒಳಗೇ ತನ್ನಿ. ಮೊದಲ ದಿನ ಎಲ್ಲರೂ ಎರಡು ಅಪಘಾತಗಳ ವಿಡಿಯೊ ನೋಡಲಿ. ಒಂದರ ಬಗ್ಗೆ ಅಂದೇ ಕೇಳಿ, ಇನ್ನೊಂದರ ಬಗ್ಗೆ ವಾರದ ನಂತರ. ಕ್ರಿಯಾಪದ ಮಾತ್ರ ಗುಂಪುಗಳ ನಡುವೆ ಇರಲಿ, ಒಬ್ಬರಿಗೆ ಎರಡೂ ಸಲ ಒಂದೇ ಕ್ರಿಯಾಪದ. ಒಬ್ಬನೇ ವ್ಯಕ್ತಿಯ ಎರಡು ಅಂದಾಜುಗಳ ನಡುವೆ ಸಹಸಂಬಂಧ 0.5 ಇದ್ದರೆ, ಅದೇ 0.4 ಎಸ್‌ಡಿಗೆ ಒಟ್ಟು 200 ಜನ ಸಾಕು. ಸಹಸಂಬಂಧ 0.3ಕ್ಕೆ ಇಳಿದರೆ ಸುಮಾರು 280. 80 ಜನರೇ ಸಿಕ್ಕರೆ 0.5ರಲ್ಲಿ ನೀವು ಹಿಡಿಯಬಲ್ಲದ್ದು ಸುಮಾರು 9.5 ಕಿಲೋಮೀಟರ್. ಅದನ್ನು ಪ್ರಬಂಧದಲ್ಲಿ ಹಾಗೆಯೇ ಬರೆಯಿರಿ, ಮುಚ್ಚಿಡಬೇಡಿ.

ಸ್ಮೃತಿಪಟಲ

ಒಪ್ಪಿದೆ, ನಾನು ಮೊದಲು ಹೇಳಿದ ನಾಲ್ಕು ಬೇರೆ ಗುಂಪುಗಳಿಗಿಂತ ಇದೇ ಮೇಲು. ಎಲ್ಲರೂ ಎರಡು ಸಲ ಬರುವುದರಿಂದ ಬಾರದವರ ಸಮಸ್ಯೆಯೂ ಎರಡು ಸ್ಥಿತಿಗೂ ಸಮವಾಗುತ್ತದೆ. ಮಾಡುವಾಗ ಗಮನಿಸಬೇಕಾದವು ಇಷ್ಟು.

ಯಾವ ವಿಡಿಯೊವನ್ನು ಅಂದೇ ಕೇಳುತ್ತೀರಿ ಎಂಬುದನ್ನು ಅದಲುಬದಲು ಮಾಡಿ. ಎರಡು ಕ್ರಿಯಾಪದ, ಎರಡು ಅದಲುಬದಲು, ಒಟ್ಟು ನಾಲ್ಕು ಬಗೆಯ ಪ್ರಶ್ನೆಪತ್ರಿಕೆ. ನಾಲ್ಕರ ಕಟ್ಟು ಮಾಡಿ, ಪ್ರತಿ ಕಟ್ಟಿನೊಳಗೆ ಕಲಸಿ, ಆ ಕ್ರಮದಲ್ಲೇ ಹಂಚಿ. ಒಂದು ತರಗತಿಗೆ ಒಂದೇ ಬಗೆ ಕೊಡುವುದು ಸುಲಭ, ಆದರೆ ಹಾಗೆ ಮಾಡಿದರೆ ತರಗತಿಯೂ ಕ್ರಿಯಾಪದವೂ ಬಿಡಿಸಲಾಗದಂತೆ ಅಂಟಿಕೊಳ್ಳುತ್ತವೆ. ಎರಡು ವಿಡಿಯೊಗಳು ಗುರುತಿಸಲು ಸುಲಭವಿರಲಿ. "ಬಿಳಿ ಕಾರು ಇದ್ದ ವಿಡಿಯೊ" ಎಂದರೆ ಇನ್ನೊಂದರಲ್ಲಿ ಬಿಳಿ ಕಾರು ಇರಕೂಡದು. ಗಾಯಾಳುಗಳು ಕಾಣದ, ಒಂದು ನಿಮಿಷದೊಳಗಿನ ತುಣುಕು ಸಾಕು. ವೇಗದ ಪ್ರಶ್ನೆಯನ್ನು ಹತ್ತರ ನಡುವೆ ಒಂದಾಗಿ ಹುದುಗಿಸಿ.

ಹೆಸರು ಬರೆಸದೆ ಎರಡು ದಿನದ ಹಾಳೆಗಳನ್ನು ಜೋಡಿಸಲು ಗುರುತಿನ ಸಂಕೇತ ಬೇಕು: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ಫೋನಿನ ಕೊನೆಯ ಎರಡು ಅಂಕಿ. "60-70" ಎಂದು ಬರೆದವರಿಗೆ ನಡುವಿನ ಅಂಕಿ ಹಾಕುತ್ತೀರೋ ಇಲ್ಲವೋ, 180 ಎಂದು ಬರೆದವರನ್ನು ಇಡುತ್ತೀರೋ ತೆಗೆಯುತ್ತೀರೋ, ಡೇಟಾ ನೋಡುವ ಮೊದಲೇ ಬರೆದಿಡಿ. ಇವು ಬರದೇ ಇರುವುದಿಲ್ಲ. ವೇಗ ಅಂದಾಜಿಸುವುದು ಜನರಿಗೆ ನಿಜಕ್ಕೂ ಕಷ್ಟ: ಮೂಲ ಪ್ರಯೋಗದಲ್ಲಿ ನಿಜವಾದ ವೇಗ ಗೊತ್ತಿದ್ದ ನಾಲ್ಕು ತುಣುಕುಗಳಲ್ಲಿ 20 ಮೈಲಿ ವೇಗದ್ದಕ್ಕೆ ಸರಾಸರಿ 37.7 ಎಂದರು, 40 ಮೈಲಿಯ ಒಂದಕ್ಕೆ 36.1 ಎಂದರು.

ಅಂಕಿತಕ್ಕಡಿ

ವಿಶ್ಲೇಷಣೆಯ ಪ್ರಶ್ನೆ ಉಳಿದಿತ್ತು. ಎರಡು ಟಿ-ಟೆಸ್ಟ್ ಬೇಡ. ಪಿ ಮೌಲ್ಯ 0.05ಕ್ಕಿಂತ ಕಡಿಮೆ ಇದ್ದರೆ ಪರಿಣಾಮವಿದೆ ಎನ್ನುವುದು ರೂಢಿ; ಕೂಡಲೇ ಪಿ 0.08, ವಾರದ ನಂತರ ಪಿ 0.03 ಬಂದರೆ "ವಾರದ ನಂತರ ಮಾತ್ರ ಪರಿಣಾಮವಿದೆ" ಎಂದು ಬರೆಯಲು ಮನಸ್ಸಾಗುತ್ತದೆ. ಆ ಎರಡು ಅಂತರಗಳು ಪರಸ್ಪರ ಬೇರೆಯೇ ಎಂಬುದನ್ನು ನೀವು ಪರೀಕ್ಷಿಸಿಯೇ ಇರುವುದಿಲ್ಲ.

ನಿಮ್ಮದು ಮಿಕ್ಸೆಡ್ ಅನೋವಾ: ಒಂದು ಚರ ವ್ಯಕ್ತಿಯ ಒಳಗೆ, ಇನ್ನೊಂದು ಗುಂಪುಗಳ ನಡುವೆ ಇರುವಾಗ ಸರಾಸರಿಗಳನ್ನು ಹೋಲಿಸುವ ವಿಶ್ಲೇಷಣೆ. ಎಸ್‌ಪಿಎಸ್‌ಎಸ್, ಜಾಸ್ಪ್, ಜಮೋವಿ ಈ ಮೂರು ತಂತ್ರಾಂಶಗಳಲ್ಲೂ ರಿಪೀಟೆಡ್ ಮೆಷರ್ಸ್ ಅನೋವಾ ತೆರೆದು, ಸಮಯವನ್ನು ಒಳಗಿನ ಚರವಾಗಿ, ಕ್ರಿಯಾಪದವನ್ನು ಗುಂಪುಗಳ ನಡುವಿನ ಚರವಾಗಿ ಕೊಡಿ. ಒಬ್ಬರಿಗೆ ಒಂದೇ ಸಾಲು, "ಕೂಡಲೇ" ಒಂದು ಕಾಲಂ, "ವಾರ" ಇನ್ನೊಂದು. ಟಿ-ಟೆಸ್ಟ್ ಗೊತ್ತಿರುವ ನಿಮಗೆ ತಾಳೆ ನೋಡಲು ಒಳ್ಳೆಯ ಉಪಾಯವಿದೆ: ಪ್ರತಿಯೊಬ್ಬರ "ವಾರ"ದಿಂದ "ಕೂಡಲೇ" ಕಳೆಯಿರಿ, ಆ ವ್ಯತ್ಯಾಸದ ಮೇಲೆ ಎರಡು ಕ್ರಿಯಾಪದ ಗುಂಪುಗಳ ಟಿ-ಟೆಸ್ಟ್ ಮಾಡಿ. ಆ ಟಿ ಮೌಲ್ಯದ ವರ್ಗ ಇಂಟರ್‌ಆಕ್ಷನ್‌ನ ಎಫ್‌ಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಕಾಲಂ ಎಲ್ಲೋ ತಪ್ಪಾಗಿದೆ. 200 ಜನರಿದ್ದರೆ ಆ ಎಫ್‌ನ ಸ್ವಾತಂತ್ರ್ಯಾಂಕ (ಡಿಗ್ರೀಸ್ ಆಫ್ ಫ್ರೀಡಂ) 1 ಮತ್ತು 198.

ಫಲಿತಾಂಶದಲ್ಲಿ ಇಂಟರ್‌ಆಕ್ಷನ್ ಮೊದಲು ಬರೆಯಿರಿ, ಅದು ಇದ್ದರೆ ಪ್ರತಿ ಸಮಯದಲ್ಲೂ ಕ್ರಿಯಾಪದದ ಪರಿಣಾಮವನ್ನು ಬಿಡಿಸಿ ತೋರಿಸಿ, ಮುಖ್ಯ ಪರಿಣಾಮಗಳು ಆಮೇಲೆ. ಗ್ರಾಫ್‌ನಲ್ಲಿ ನಾಲ್ಕು ಸರಾಸರಿಗೂ 95% ಕಾನ್ಫಿಡೆನ್ಸ್ ಇಂಟರ್ವಲ್‌ನ ಗೆರೆ ಇರಲಿ.

ಕಿಟಕಿಪಕ್ಕ

ತುಂಬಾ ಉಪಕಾರವಾಯಿತು. ಒಡೆದ ಗಾಜು ಕಂಡಿರಾ ಎಂಬ ಪ್ರಶ್ನೆಯನ್ನೂ ಸೇರಿಸಿದರೆ ಅದಕ್ಕೂ ಇದೇ ಅನೋವಾ ನಡೆಯುತ್ತದೆಯೇ?

ಅಂಕಿತಕ್ಕಡಿ

ಇಲ್ಲ. ಹೌದು-ಇಲ್ಲ ಉತ್ತರಕ್ಕೆ ಲಾಜಿಸ್ಟಿಕ್ ರಿಗ್ರೆಶನ್ ("ಹೌದು" ಬರುವ ಸಾಧ್ಯತೆಯನ್ನು ಅಂದಾಜಿಸುವ ವಿಶ್ಲೇಷಣೆ) ಬೇಕು, ಸಮಯದ ಪರಿಣಾಮವನ್ನೂ ನೋಡುವುದಾದರೆ ಅದರಲ್ಲೂ ಇಂಟರ್‌ಆಕ್ಷನ್ ಪದ ಸೇರಿಸಬೇಕು. ಮೂಲದಲ್ಲಿ "ಸ್ಮ್ಯಾಶ್ಡ್" ಗುಂಪಿನ 50ರಲ್ಲಿ 16 ಜನ, "ಹಿಟ್" ಗುಂಪಿನ 50ರಲ್ಲಿ 7, ವೇಗದ ಪ್ರಶ್ನೆಯನ್ನೇ ಕೇಳದ 50ರಲ್ಲಿ 6 ಜನ ಇಲ್ಲದ ಗಾಜನ್ನು ಕಂಡೆ ಎಂದರು. ಇಷ್ಟು ಕಡಿಮೆ "ಹೌದು" ಬರುವಲ್ಲಿ ಇಂಟರ್‌ಆಕ್ಷನ್ ಹುಡುಕಲು ಇನ್ನೂ ಹೆಚ್ಚು ಜನ ಬೇಕಾಗುತ್ತದೆ. ಹಾಗಾಗಿ ಇಂಟರ್‌ಆಕ್ಷನ್ ಹುಡುಕಲು ಹೋಗಬೇಡಿ; ಪ್ರಶ್ನೆ ಸೇರಿಸಿ, ಎರಡನೇ ದಿನದ ಕೊನೆಯಲ್ಲಿ ಒಮ್ಮೆ ಮಾತ್ರ ಕೇಳಿ, ಪ್ರತಿ ಗುಂಪಿನ ಎಣಿಕೆಯನ್ನು ಕೋಷ್ಟಕದಲ್ಲಿ ಕೊಡಿ. ಹೈಪಾಥಿಸಿಸ್ ಪಟ್ಟಿಯಲ್ಲಿ ಅದನ್ನು ಇಡಬೇಡಿ.