ತಿಂಗಳಿಗೆ 5,000 ರೂಪಾಯಿ, ವರ್ಷಪೂರ್ತಿ ಕೊಡಬೇಕು: ದಾವಣಗೆರೆಯಲ್ಲಿ ಹೇಗೆ?

ನಿಟುವಳ್ಳಿ ಹತ್ತು ಮನೆ:
ನಮ್ಮ ಬೀದಿಯ ಹತ್ತು ಮನೆಯವರು ಮನೆಗೆ 500ರಂತೆ ತಿಂಗಳಿಗೆ 5,000 ಕೂಡಿಸಿ ಬಡವರಿಗೆ ಕೊಡೋದು ಅಂತ ಮಾತಾಗಿದೆ. ದೀಪಾವಳಿ, ಸಂಕ್ರಾಂತಿ, ರಂಜಾನ್ ಬಂದಾಗ ಕೊಡೋರು ಬೇಕಾದಷ್ಟು ಮಂದಿ ಇರ್ತಾರೆ. ಉಳಿದ ತಿಂಗಳು ಯಾರೂ ತಿರುಗಿ ನೋಡಲ್ಲ. ವರ್ಷಪೂರ್ತಿ ನಡೆಯೋ ಹಾಗೆ ಮಾಡಬೇಕು. 25 ಕೆ.ಜಿ. ಅಕ್ಕಿ ಮೂಟೆ ತಂದು ಹಂಚೋದಾ, ದುಡ್ಡೇ ಕೊಡೋದಾ, ಊಟ ಹಾಕಿಸೋದಾ? ಗೊತ್ತಿದ್ದೋರು ವಿವರವಾಗಿ ಹೇಳ್ರಿ.

ಮಂಡಿಪೇಟೆ ಕಿರಾಣಿ:
ಅಕ್ಕಿ ಬೇಡ್ರಿ. ಬಿಪಿಎಲ್ ಕಾರ್ಡ್ ಇದ್ದ ಮನೆಗೆ ಅಕ್ಕಿ ಬಂದೇ ಬರುತ್ತೆ, ಅಂತ್ಯೋದಯ ಕಾರ್ಡಿಗಂತೂ ತಿಂಗಳಿಗೆ 35 ಕೆ.ಜಿ. ಧಾನ್ಯ. ನೀವು ಕೊಟ್ಟ ಮೂಟೆ ವಾರದೊಳಗೆ ಅಂಗಡಿಗೆ ಮಾರಾಟಕ್ಕೆ ಬರುತ್ತೆ, ಅದೂ ಅರ್ಧ ಬೆಲೆಗೆ. ಅದಕ್ಕೆ ಅವರನ್ನ ಬೈಯೋ ಹಾಗಿಲ್ಲ. ಮನೇಲಿ ಅನ್ನ ಇದ್ದರೂ ಸಾರಿಗೆ ಬೇಳೆ ಇರಲ್ಲ.

ನಾಲ್ಕು ಜನರ ಮನೆಗೆ ಒಂದು ತಿಂಗಳಿಗೆ ಇಷ್ಟು ಹಾಕ್ರಿ: ತೊಗರಿಬೇಳೆ ಒಂದೂವರೆ ಕೆ.ಜಿ., ಎಣ್ಣೆ 2 ಲೀಟರ್, ಸಕ್ಕರೆ 1 ಕೆ.ಜಿ., ಉಪ್ಪು 1 ಕೆ.ಜಿ., ಖಾರದಪುಡಿ 200 ಗ್ರಾಂ, ಚಹಾಪುಡಿ 100 ಗ್ರಾಂ, ಮೈಸೋಪು ಎರಡು, ಬಟ್ಟೆಸೋಪು ಎರಡು. ಬೇಳೆ ದರ ಏರಿಳಿತ ಬಿಟ್ಟರೆ ಅಂದಾಜು 800 ರೂಪಾಯಿ. ಐದು ಮನೆ ಹಿಡೀರಿ, 4,000 ಆಗುತ್ತೆ. ಉಳಿದ 1,000 ಮೀಸಲು. ಹತ್ತು ಮನೆಗೆ ಅರ್ಧರ್ಧ ಹಂಚೋಕೆ ಹೋದ್ರೆ ಯಾರಿಗೂ ತಿಂಗಳು ಸಾಗಲ್ಲ.

ರೊಟ್ಟಿ ಉಣ್ಣೋ ಮನೆಗೆ ಜೋಳ ಕೊಡೋದಾದ್ರೆ ಕಾಳೇ ಕೊಡ್ರಿ, ಗಿರಣಿ ದುಡ್ಡು ಸೇರಿಸಿ. ಹಿಟ್ಟು ಹಳೇದಾದ್ರೆ ಕಹಿ ಬರುತ್ತೆ, ತಟ್ಟುವಾಗ ರೊಟ್ಟಿ ಒಡೆಯುತ್ತೆ. ಅಗ್ಗ ಸಿಕ್ತು ಅಂತ ಮೂರು ತಿಂಗಳ ಬೇಳೆ ಒಮ್ಮೆಗೇ ತರಬೇಡ್ರಿ, ಮಳೆಗಾಲದಲ್ಲಿ ಹುಳ ಬೀಳುತ್ತೆ.

ಇನ್ನೊಂದು ದಾರಿ, ಅವರ ಓಣಿಯ ಅಂಗಡಿಯಲ್ಲೇ ಅವರ ಹೆಸರಿಗೆ 800 ಜಮಾ ಇಟ್ಟು ಚೀಟಿ ಕೊಡೋದು. ಬೇಕಾದ್ದನ್ನ ಅವರೇ ತಗೋತಾರೆ, ಸಾಲಲ್ಲಿ ನಿಲ್ಲಿಸಿ ಫೋಟೋ ತೆಗೆಯೋ ಚಾಳಿಯೂ ತಪ್ಪುತ್ತೆ. ಆದರೆ ಅಂಗಡಿಯವನಿಗೆ ಮೊದಲೇ ಹೇಳಿರಿ, ಹಳೇ ಉದ್ರಿಗೆ ಮುರಕೊಳ್ಳಬಾರದು ಅಂತ. ಈ ಪದ್ಧತಿ ಕೆಡೋದೇ ಅಲ್ಲಿ.

ತಾಲೂಕು ಕಚೇರಿ ದಾರಿ:
ಕಿಟ್ ಕೊಡೋಕೆ ಮುಂಚೆ ಆ ಮನೆಗೆ ಬರಬೇಕಾದ ಸರ್ಕಾರದ ದುಡ್ಡು ಬರ್ತಾ ಇದೆಯಾ ನೋಡ್ರಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200, ಅಂದರೆ ವರ್ಷಕ್ಕೆ 14,400. ನಿಮ್ಮ ಕಿಟ್‌ಗಿಂತ ಹೆಚ್ಚಾಯ್ತಲ್ಲ! ವಿಧವಾ ವೇತನ 800.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಫೋಟೋ ಹಿಡಿದು ನಾಡಕಚೇರಿಗೆ ಅರ್ಜಿ ಹಾಕಿಸ್ರಿ. ಎಡವೋದು ಎರಡು ಕಡೆ. ಆಧಾರ್‌ನಲ್ಲಿ ಯಾರೋ ಅಂದಾಜಿಗೆ ಬರೆದ ವಯಸ್ಸು ಕಡಿಮೆ ಇರುತ್ತೆ. ಅದನ್ನ ಸರಿ ಮಾಡಿಸದೆ ಅರ್ಜಿ ಹಾಕಿದರೆ ವಾಪಸ್. ಎರಡನೇದು, ಈಗಾಗಲೇ ಮಂಜೂರಾದ ಪಿಂಚಣಿ ‘ನಿಂತುಹೋಗಿದೆ’ ಅನ್ನೋದು. ಎಷ್ಟೋ ಸಲ ಅದು ನಿಂತಿರಲ್ಲ. ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ ದುಡ್ಡು ಹೋಗ್ತಿರುತ್ತೆ, ಅಜ್ಜಿ ಹಳೇ ಪಾಸ್‌ಬುಕ್ ಹಿಡಿದು ನೋಡ್ತಿರ್ತಾರೆ. ಯಾವ ಖಾತೆಗೆ ಆಧಾರ್ ಜೋಡಣೆ ಆಗಿದೆ ಅಂತ ಬ್ಯಾಂಕಲ್ಲಿ ಕೇಳಿದರೆ ಗೊತ್ತಾಗುತ್ತೆ. ಇದಕ್ಕೆ ಬೇಕಾಗಿರೋದು ಒಂದು ದಿನ ಜೊತೆಗೆ ಓಡಾಡೋ ಮನುಷ್ಯ, ಅಷ್ಟೆ.

ನಿಟುವಳ್ಳಿ ಹತ್ತು ಮನೆ:
ಕಲ್ಯಾಣ ಮಂಟಪದಲ್ಲಿ ಉಳಿದ ಅಡುಗೆ ಒಯ್ದು ಹಂಚಬಹುದಾ? ನಮ್ಮಲ್ಲಿ ಕೆಲವರ ಒತ್ತಾಯ ಅದೇ.

ದಾಸೋಹದ ಒಲೆ:
ಹಂಚಬಹುದು, ಆದರೆ ವರ್ಷಪೂರ್ತಿ ಅಂತ ನಂಬಬೇಡ್ರಿ. ಆಷಾಢದಲ್ಲಿ ಮದುವೆ ಎಲ್ಲಿಂದ ತರ್ತೀರಿ?

ಕೊನೇ ಪಂಕ್ತಿ ಕೂರೋ ಮುಂಚೆಯೇ ಅಡುಗೆ ಭಟ್ಟರಿಗೆ ಹೇಳಿಟ್ಟು ಡಬರಿಯಿಂದ ನೇರವಾಗಿ ತುಂಬಿಸಿಕೊಳ್ಳಿ. ಬಡಿಸೋ ಬಕೆಟ್‌ನಲ್ಲಿ ಉಳಿದದ್ದು ಬೇಡ. ಅನ್ನ ಬೇರೆ, ಸಾಂಬಾರ್ ಬೇರೆ. ಕಾಯಿ ಚಟ್ನಿ, ಕೋಸಂಬರಿ ಬಿಟ್ಟುಬಿಡ್ರಿ, ಮೊದಲು ಹಳಸೋದು ಅವೇ. ಅಡುಗೆ ಇಳಿಸಿ ನಾಲ್ಕು ತಾಸಿನೊಳಗೆ ಜನರ ಹೊಟ್ಟೆ ಸೇರಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ. ಬೆಚ್ಚಗೆ ಕೂತ ಅನ್ನದಲ್ಲಿ ಬೆಳೆಯೋ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ, ವಾಂತಿ ಶುರುವಾಗುತ್ತೆ. ‘ಬಿಸಿ ಮಾಡಿ ಕೊಟ್ಟಿದ್ವಿ’ ಅಂದರೆ ಆಗ ಯಾರೂ ಕೇಳಲ್ಲ. ಜಿಲ್ಲಾಸ್ಪತ್ರೆ ಹತ್ತಿರ ರೋಗಿಗಳ ಕಡೆಯವರು ಹಳ್ಳಿಯಿಂದ ಬಂದು ಕೂತಿರ್ತಾರೆ, ಅವರಿಗೆ ರಾತ್ರಿ ಊಟವೇ ತೊಂದರೆ. ಒಯ್ಯೋದಾದ್ರೆ ಅಲ್ಲಿಗೆ ಒಯ್ಯಿರಿ, ಕಾವಲುಗಾರರಿಗೆ ಮೊದಲೇ ತಿಳಿಸಿ.

ಮೂರು ತಿಂಗಳಿಗೊಮ್ಮೆ:
ದುಡ್ಡಿಲ್ಲದೆ ಕೊಡೋದನ್ನ ಯಾರೂ ಹೇಳಲಿಲ್ಲವಲ್ಲ. ಹತ್ತು ಮನೆಯಲ್ಲಿ ಆರೋಗ್ಯವಾಗಿರೋ 12 ಗಂಡಸರು ಸಿಕ್ಕರೆ ನಾಲ್ಕು ನಾಲ್ಕು ಜನರ ಮೂರು ತಂಡ ಮಾಡ್ರಿ. ಗಂಡಸರು 90 ದಿನಕ್ಕೊಮ್ಮೆ ರಕ್ತ ಕೊಡಬಹುದು, ಹೆಂಗಸರು 120 ದಿನಕ್ಕೊಮ್ಮೆ. ತಂಡಕ್ಕೆ ಒಂದು ತಿಂಗಳಂತೆ ಪಾಳಿ ಹಾಕಿದರೆ ಪ್ರತಿ ತಿಂಗಳೂ ನಾಲ್ಕು ಬಾಟಲಿ ಆಗುತ್ತೆ.

ಎಲ್ಲರೂ ಒಂದೇ ದಿನ ಶಿಬಿರ ಮಾಡಿ ಕೊಟ್ಟರೆ ಉಪಯೋಗ ಕಡಿಮೆ. ಕೆಂಪು ರಕ್ತಕಣ ಇಡೋಕಾಗೋದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್, ಮೇನಲ್ಲಿ ಕಾಲೇಜು ಹುಡುಗರು ಊರಿಗೆ ಹೋದಮೇಲೆ ನಮ್ಮೂರ ರಕ್ತನಿಧಿಗಳಲ್ಲಿ ಕೊಡೋರು ಕಡಿಮೆ, ತಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ ಇರೋ ಮಕ್ಕಳಿಗೆ ಮಾತ್ರ ಎರಡು, ಮೂರು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ತೂಕ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಖಾಲಿ ಹೊಟ್ಟೇಲಿ ಹೋಗಬೇಡ್ರಿ. ಹಚ್ಚೆ ಹಾಕಿಸಿದ್ದರೆ ಒಂದು ವರ್ಷ ಕಾಯಬೇಕು.

ನಿಟುವಳ್ಳಿ ಹತ್ತು ಮನೆ:
ಎಲ್ಲರಿಗೂ ಶರಣು. ಆ 1,000 ಮೀಸಲು ಯಾವಾಗ ಮುರೀಬೇಕು, ಅದೊಂದು ಹೇಳಿಬಿಡ್ರಿ.

ಮಂಡಿಪೇಟೆ ಕಿರಾಣಿ:
ವರ್ಷಕ್ಕೆ 12,000 ಆಗುತ್ತೆ. ಬೇಸಿಗೆ ರಜೆಯಲ್ಲಿ ಬಿಸಿಯೂಟ ನಿಲ್ಲುತ್ತೆ, ಮಕ್ಕಳಿರೋ ಮನೆಗೆ ಆಗ ಶೇಂಗಾ, ಹೆಸರುಕಾಳು ಒಂದೊಂದು ಕೆ.ಜಿ. ಹೆಚ್ಚು ಹಾಕ್ರಿ. ಜೂನ್‌ನಲ್ಲಿ ನೋಟ್‌ಬುಕ್ ಕೊಡ್ರಿ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಕೊಡ್ತಾರೆ, ಬರೆಯೋ ಪುಸ್ತಕ ಎಷ್ಟೋ ಸಲ ಮನೆಯವರೇ ತರಬೇಕಾಗುತ್ತೆ. ಹೊದಿಕೆ ಕೊಡೋದಾದ್ರೆ ನವೆಂಬರ್‌ನಲ್ಲೇ ಕೊಡ್ರಿ, ಎಲ್ಲರೂ ಜನವರಿಗೆ ಕೊಡ್ತಾರೆ, ಅಷ್ಟೊತ್ತಿಗೆ ಅರ್ಧ ಚಳಿ ಮುಗಿದಿರುತ್ತೆ. ಬಯಲಲ್ಲಿ ಮಲಗೋರಿಗೆ ಚಳ್ಳಕೆರೆ ಕಂಬಳಿ ಸರಿ, ಇಬ್ಬನಿ ತಡೆಯುತ್ತೆ. ಕೊನೇ 3,000 ಮಾತ್ರ ಮುಟ್ಟಬೇಡ್ರಿ. ಔಷಧಿ ಚೀಟಿ ಹಿಡಿದು ಯಾರಾದ್ರೂ ಬರ್ತಾರೆ, ಆಗ ಮೆಡಿಕಲ್ ಅಂಗಡಿಗೇ ಹೋಗಿ ಕಟ್ಟಿ ಬಿಲ್ ಇಸ್ಕೊಳ್ರಿ.